ಒಂದು ಷೇರಿನ ಸರ್

ನನ್ನಿಂದ ಬಿ.ಕಾಂ. ಮುಗಿಸುವುದು ಆಗುವುದಿಲ್ಲ ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ಹೇಳಿದ್ದು ಮನೆಯಲ್ಲಲ್ಲ, ಯಲಬುರ್ಗಾ ಕಡೆಯ ನಮ್ಮ ಸರಕಾರಿ ಕಾಲೇಜಿನ ವರಾಂಡದಲ್ಲಿ, ಪ್ರವೇಶದ ಅರ್ಜಿ ಇನ್ನೂ ನನ್ನ ಕೈಯಲ್ಲೇ ಇರುವಾಗ, ಪಕ್ಕದಲ್ಲಿ ನಿಂತಿದ್ದ ಒಬ್ಬರಿಗೆ ಕೇಳುವ ಹಾಗೆ. ಆ ಮನುಷ್ಯರ ಎಡಭುಜ ಬಲಭುಜಕ್ಕಿಂತ ಎರಡು ಬೆರಳಷ್ಟು ಕೆಳಗಿತ್ತು. ಅದಕ್ಕೊಂದು ಕಂದು ರೆಗ್ಜಿನ್ ಚೀಲ ತೂಗುಬಿದ್ದಿತ್ತು. ಪಟ್ಟಿ ಉಜ್ಜಿ ಉಜ್ಜಿ ಅಂಗಿಯ ಆ ಜಾಗದ ಬಣ್ಣವೇ ಹೋಗಿತ್ತು. ಚೀಲ ಕೆಳಗಿಟ್ಟರೂ ಆ ಭುಜ ಮೇಲೇಳುವುದಿಲ್ಲ ಎಂಬುದು ನನಗೆ ಆಮೇಲೆ ಗೊತ್ತಾಯಿತು.

ದೊಡ್ಡಪ್ಪ ಅವರನ್ನು ಯಾವುದೋ ಹುಡುಗನ ತಂದೆ ಎಂದುಕೊಂಡಿದ್ದರು.

“ಗೌಂಡ್ಯಾನ ಮಗಳ್ರಿ ಇಕಿ. ಇಟ್ಟಂಗಿ ಎಣಸಾಕ ಬಂದ್ರ ಸಾಕಾಗಿತ್ತು. ನಮ್ಮ ತಮ್ಮಗ ತಲಿ ಕೆಟ್ಟೈತಿ, ಕಾಲೇಜಿಗೆ ಹಚ್ಚಾಕ ಹೊಂಟಾನ. ಮೂರು ವರ್ಷ ಮುಗಸೂದಿಲ್ಲ ಬಿಡ್ರಿ ಇಕಿ, ಬೇಕಾರ ಬರದು ಕೊಡ್ತೀನಿ.”

ಅವರು ನನ್ನ ಕಡೆ ತಿರುಗಿದರು. “ಇಟ್ಟಂಗಿ ಎಣಸಾಕ ಬರ್ತೈತೇನವಾ?”

“ಬರ್ತೈತ್ರಿ.”

“ಛಲೋ ಆತು. ಇಲ್ಲಿ ಬರೂ ಅರ್ಧ ಮಂದಿಗೆ ಅದೂ ಬರಂಗಿಲ್ಲ. ತಾ ಇಲ್ಲಿ ಅರ್ಜಿ.”

ಅವರೇ ನಮ್ಮ ಕಾಮರ್ಸ್ ಸರ್.

ನಮ್ಮ ಮನೆತನದಲ್ಲಿ ಪದವಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಪುಕ್ಕಟೆ ಸಿಕ್ಕಿದ್ದಲ್ಲ ಅದು. ಗೌಂಡಿಯಾದ ಅಪ್ಪ ದಾರಕ್ಕೆ ಗುಂಡು ಕಟ್ಟಿ ಗೋಡೆಯ ನೇರ ನೋಡುವುದರಲ್ಲಿ ಯಾರಿಗೂ ಕಡಿಮೆಯಲ್ಲ, ಆದರೆ ತನ್ನ ಹೆಸರು ಬರೆಯಲು ಈಗಲೂ ಎರಡು ನಿಮಿಷ ತೆಗೆದುಕೊಳ್ಳುತ್ತಾನೆ. ಅವನ ಕೈಗೆ ಕಲಸಿದ ಸಿಮೆಂಟು ಕೊಡುವವಳು ಅವ್ವ. ರಜೆ ಇದ್ದಾಗ ನಾನು. ಈಗ ನಾನು ಓದಿದ ಕಾಲೇಜಿನ ಕಚೇರಿಯಲ್ಲೇ ದ್ವಿತೀಯ ದರ್ಜೆ ಸಹಾಯಕಿಯಾಗಿದ್ದೇನೆ. ಸರ್ ತೀರಿಕೊಂಡು ವರ್ಷವಾಗುತ್ತ ಬಂತು. ಅವರ ಬಗ್ಗೆ ಬರೆಯಬೇಕೆಂದು ಕೂತಾಗೆಲ್ಲ ಯಾಕೋ ಮೊದಲು ಒಂದು ಸುಸ್ತು ಬಂದು ಪಕ್ಕದಲ್ಲಿ ಕೂಡುತ್ತದೆ.

ಸರ್ ಕಾಯಂ ನೌಕರರಲ್ಲ, ಅತಿಥಿ ಉಪನ್ಯಾಸಕರು. ಹಾಗೆಂದರೆ ಪ್ರತಿ ವರ್ಷ ಕಾಲೇಜು ಶುರುವಾದಾಗ ಹೊಸ ಅರ್ಜಿ, ಹೊಸ ಆದೇಶ. ಪರೀಕ್ಷೆ ಮುಗಿದ ದಿನ ಕೆಲಸವೂ ಮುಗಿಯಿತು. ಬೇಸಿಗೆಯಲ್ಲಿ ಅವರು ಯಾರಿಗೂ ಏನೂ ಅಲ್ಲ. ಮಳೆಗಾಲ ಬಂದರೆ ಮತ್ತೆ ಅತಿಥಿ. ನಾನು ಸೇರಿದ ವರ್ಷ ಅವರು ಹೀಗೆ ಹದಿನೇಳನೆಯ ಸಲದ ಅತಿಥಿಯಾಗಿದ್ದರು. ಕೊಪ್ಪಳದಲ್ಲಿ ಬಾಡಿಗೆ ಮನೆ. ಬೆಳಿಗ್ಗೆ ಯಲಬುರ್ಗಾ ಬಸ್ಸು, ಕಾರ್ಯಭಾರ ಕಡಿಮೆ ಬಿದ್ದ ವರ್ಷ ವಾರದಲ್ಲಿ ಎರಡು ದಿನ ಕುಷ್ಟಗಿಯ ಕಾಲೇಜು. ಮನೆಯಲ್ಲಿ ಅಕ್ಕಾರು, ಅಂದರೆ ಅವರ ಹೆಂಡತಿ, ಹೆಂಗಸರು ಸೀರೆಗೆ ತೊಡುವ ಜಂಪರ್ ಹೊಲಿಯುತ್ತಿದ್ದರು. ಸರ್ ಆದೇಶವಿಲ್ಲದ ತಿಂಗಳುಗಳಲ್ಲಿ ಆ ಹೊಲಿಗೆ ಯಂತ್ರವೇ ಮನೆ ನಡೆಸುತ್ತಿತ್ತು.

ತರಗತಿಯಲ್ಲಿ ಅವರು ಎಂದೂ ಕೂತವರಲ್ಲ. ಕೇಳಿದರೆ, “ನಾ ಅತಿಥಿ ಅದೀನಿ. ಕುಂದ್ರಿ ಅಂತ ಯಾರರ ಅನ್ನೂತನಕ ಕುಂದ್ರಬಾರ್ದು” ಎನ್ನುತ್ತಿದ್ದರು. ಒಂದು ದಿನ ನಾವೆಲ್ಲ ಸೇರಿ, “ಕುಂದ್ರಿ ಸರ್!” ಎಂದು ಕೂಗಿದೆವು. ಖುರ್ಚಿಯ ತುದಿಯಲ್ಲಿ ಒಂದು ಗಳಿಗೆ ಕೂತು ಎದ್ದುಬಿಟ್ಟರು. “ಕುಂತದ್ದಾತು. ಇನ್ನ ಚಹಾ ಯಾರು ತರಾವ್ರು?”

ಅವರ ಚೀಲದಲ್ಲಿ ಇರುತ್ತಿದ್ದದ್ದು ಪಠ್ಯಪುಸ್ತಕಗಳಲ್ಲ, ಕಂಪನಿಗಳ ವಾರ್ಷಿಕ ವರದಿಗಳು. ಸರ್ ಎಂಟು ದೊಡ್ಡ ಕಂಪನಿಗಳಲ್ಲಿ ಒಂದೊಂದೇ ಷೇರು ಇಟ್ಟುಕೊಂಡಿದ್ದರು. ಒಂದಕ್ಕಿಂತ ಹೆಚ್ಚಲ್ಲ, ಕಡಿಮೆಯೂ ಅಲ್ಲ. ಲಾಭಕ್ಕಾಗಿ ಕೊಂಡದ್ದಲ್ಲ ಅವು. ಷೇರುದಾರನಿಗೆ ಕಂಪನಿ ತನ್ನ ವರ್ಷದ ವರದಿ ಕಳಿಸಲೇಬೇಕು. ಒಂದು ಷೇರಿದ್ದರೂ ಅಷ್ಟೇ, ಲಕ್ಷ ಷೇರಿದ್ದರೂ ಅಷ್ಟೇ. ದಪ್ಪ ಕಾಗದದ, ಬಣ್ಣಬಣ್ಣದ ಆ ಪುಸ್ತಕ ಮನೆ ಬಾಗಿಲಿಗೆ ಬರುತ್ತಿತ್ತು. ಈಗೆಲ್ಲ ಇ-ಮೇಲಿನಲ್ಲಿ ಕಳಿಸಿ ಕೈತೊಳೆದುಕೊಳ್ಳುತ್ತಾರೆ, ಆದರೆ ಸರ್ ಪ್ರತಿ ವರ್ಷ ಎಂಟು ಪತ್ರ ಬರೆದು ಅಚ್ಚಾದ ಪ್ರತಿಯನ್ನೇ ತರಿಸುತ್ತಿದ್ದರು. ಟಪಾಲಿನವನು ಓಣಿಯ ಬಾಯಲ್ಲೇ ಕೂಗುತ್ತಿದ್ದನಂತೆ: “ಷೇರ್ ಸಾಹುಕಾರ್ರಽ, ನಿಮ್ಮ ಕಂಪನಿ ಕಾಗದ ಬಂದಾವ್ರಿ!” ಅಕ್ಕಾರು ಹೊಲಿಗೆ ನಿಲ್ಲಿಸಿ, “ಸಾಹುಕಾರ್ರು ಬಸ್ಸಿಗೆ ನಿಂತಾರ, ನನ್ನ ಕೈಯಾಗ ಕೊಡು” ಎಂದು ಇಸಿದುಕೊಳ್ಳುತ್ತಿದ್ದರಂತೆ.

ಬಂದ ವಾರದಲ್ಲೇ ಅವುಗಳನ್ನು ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟುಬಿಡುತ್ತಿದ್ದರು. ಆಮೇಲೆ ಪಾಠಕ್ಕೆ ಬೇಕಾದಾಗ, ತಾವೇ ಕೊಟ್ಟ ಪುಸ್ತಕವನ್ನು ವಿದ್ಯಾರ್ಥಿಗಳ ಹಾಗೆ ಸಹಿ ಮಾಡಿ ಎರವಲು ಒಯ್ಯುತ್ತಿದ್ದರು. ಗ್ರಂಥಪಾಲಕರು ನಕ್ಕರೆ, “ನನ್ನ ಮನ್ಯಾಗಿದ್ರ ನನ್ನವು. ಇಲ್ಲಿದ್ರ ಹುಡುಗೂರ್ವು” ಎನ್ನುತ್ತಿದ್ದರು.

ಎರಡನೆಯ ವರ್ಷದಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ದೊಡ್ಡ ತಂತ್ರಜ್ಞಾನ ಕಂಪನಿಯ ವರದಿ. ಹೆಸರು ಇಲ್ಲಿ ಬೇಡ. ಮುಖಪುಟದಲ್ಲಿ ಹುಡುಗಿಯೊಬ್ಬಳು ಗಾಜಿನ ಕಟ್ಟಡದ ಕಡೆ ನೋಡಿ ನಗುತ್ತಿದ್ದಳು. ನಾನು ಮೊದಲ ಪುಟ ತೆರೆದೆ. ಸರ್ ಬಂದು ಪುಸ್ತಕವನ್ನು ಮಗುಚಿ ಹಾಕಿದರು.

“ಹಿಂದಿನಿಂದ ಓದವಾ. ಮುಂದಿನ ಪುಟ ಅವರು ನಮಗ ತೋರಸ್ಬೇಕಂತ ಮಾಡಿದ್ದು. ಹಿಂದಿನ ಪುಟ ಕಾಯ್ದೆ ಅವರ ಕಡಿಂದ ಬರಸಿದ್ದು.”

ಹಿಂದೆ, ಸಣ್ಣ ಅಕ್ಷರದ ಟಿಪ್ಪಣಿಗಳ ನಡುವೆ, ಒಂದು ಸಾಲಿತ್ತು: ಪುನರ್ರಚನಾ ವೆಚ್ಚ. ಕೆಲವು ಕಚೇರಿಗಳನ್ನು ಮುಚ್ಚಿದ್ದು, ಕೆಲವು ವಿಭಾಗಗಳನ್ನು ಒಂದು ಮಾಡಿದ್ದು, ಕೆಲಸ ಬಿಡಿಸಿದವರಿಗೆ ಕೊಟ್ಟ ಪರಿಹಾರ ಎಲ್ಲ ಸೇರಿ ಒಂದು ಮೊತ್ತ. ಪಕ್ಕದಲ್ಲಿ ವಿವರಣೆ: ಇದು ಅಸಾಧಾರಣ ಬಾಬ್ತು, ಒಮ್ಮೆ ಮಾತ್ರ ಬರುವಂಥದ್ದು. ಮುಂಭಾಗದ ಪುಟಗಳಲ್ಲಿ ಅಧ್ಯಕ್ಷರು ಆ ಮೊತ್ತವನ್ನು ಪಕ್ಕಕ್ಕೆ ಸರಿಸಿ ವರ್ಷದ ಸಾಧನೆ ಹೇಳಿದ್ದರು. ಆದಾಯ ಬೆಳೆದಿದೆ, ಲಾಭ ಸುಧಾರಿಸಿದೆ, ಷೇರುದಾರರ ಲಾಭಾಂಶ ಏರಿದೆ, ಎಲ್ಲ ಸಿಬ್ಬಂದಿಗೆ ಹೃತ್ಪೂರ್ವಕ ವಂದನೆ.

“ಈ ಸಣ್ಣ ಸಾಲಿನ್ಯಾಗ ಎಷ್ಟು ಮಂದಿ ಅದಾರ, ಹುಡುಕ್ರಿ ನೋಡೂನು” ಎಂದರು ಸರ್. ಒಂದು ತಾಸು ಹುಡುಕಿದೆವು. ಮೊತ್ತ ಇತ್ತು, ಮನುಷ್ಯರ ಲೆಕ್ಕ ಇರಲಿಲ್ಲ. “ಸಿಗಂಗಿಲ್ಲ” ಎಂದರು. “ರೊಕ್ಕ ಬರದಾರ. ತಲಿ ಎಣಸಿಲ್ಲ.”

ನನಗೆ ತಡೆಯಲಿಲ್ಲ. “ಸರ್, ಲಾಭ ಬಂದೈತಲ್ರಿ. ಮತ್ಯಾಕ ಮಂದೀನ ತಗದಾರ್ರಿ?”

“ನನ್ನ ಕೇಳಿದ್ರ ನಾ ಏನು ಹೇಳ್ಲಿ? ನಾ ಏನು ಕಂಪನಿ ಮಾಲಕನೇನು?” ಎಂದವರು ತಡೆದು ನಿಂತು ನಕ್ಕರು. “ಅಲ್ಲ, ಮಾಲಕನೂ ಹೌದಲ್ಲ! ಒಂದು ಷೇರು ಐತಿ. ತಡಿ, ಅವರ್ನಽ ಕೇಳೂನು.”

ಗ್ರಂಥಾಲಯದಿಂದ ಅದೇ ಕಂಪನಿಯ ಹಿಂದಿನ ನಾಲ್ಕು ವರದಿ ತಂದು ಮೇಜಿನ ಮೇಲೆ ಸಾಲಾಗಿ ಹರವಿದೆವು. ಐದೂ ವರ್ಷ ಅದೇ ಸಾಲು. ಐದೂ ವರ್ಷ ಅದೇ ‘ಒಮ್ಮೆ ಮಾತ್ರ’.

ಕಂಪನಿಗಳ ವಾರ್ಷಿಕ ಸಭೆ ಈಗ ವಿಡಿಯೊದಲ್ಲಿ ನಡೆಯುತ್ತದೆ. ಮೊದಲೇ ಹೆಸರು ಕೊಟ್ಟರೆ ಯಾವ ಷೇರುದಾರನೂ ಎರಡು ಮಿನಿಟು ಮಾತಾಡಬಹುದು. ಸರ್ ಹೆಸರು ಕೊಟ್ಟರು. ಒಂದು ವಾರ ಬಸ್ಸಿನಲ್ಲಿ ಇಂಗ್ಲಿಷಿನಲ್ಲಿ ಆ ಎರಡು ಮಿನಿಟಿನ ಮಾತು ಹೇಳಿಕೊಳ್ಳುತ್ತ ಬಂದರು. ಕಂಡಕ್ಟರ್, “ಸರ್ಗ ಏನಾಗೈತವಾ? ಕಿಟಕಿಗೆ ಇಂಗ್ಲಿಷ್ ಹೇಳಾಕ್ಹತ್ಯಾರ” ಎಂದು ನನ್ನನ್ನು ಕೇಳಿದ.

ಸಭೆಯ ದಿನ ಕಂಪ್ಯೂಟರ್ ಕೋಣೆಯಲ್ಲಿ ನಾವು ಮೂವತ್ತು ಮಂದಿ ಸೇರಿದ್ದೆವು. ಕಾಲೇಜಿನ ಇಂಟರ್ನೆಟ್ ಕೈಕೊಡುತ್ತದೆ ಎಂದು ನನ್ನ ಫೋನಿನಿಂದ ಸಂಪರ್ಕ ಕೊಟ್ಟಿದ್ದೆವು. ನಾನು ಫೋನನ್ನು ಕಿಟಕಿಯ ಸರಳಿಗೆ ಹಿಡಿದು ನಿಂತಿದ್ದೆ. ಸರ್ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಭುಜ ನೇರ ಕಾಣಲೆಂದು ಮೇಜಿನ ಎಡಗಡೆ ಒಂದು ವರದಿ ಇಟ್ಟು ಅದರ ಮೇಲೆ ಎಡ ಮೊಣಕೈ ಊರಿ ಕೂತಿದ್ದರು. ಅವರಿಗಿಂತ ಮೊದಲು ಮಾತಾಡಿದವರೆಲ್ಲ ಅಧ್ಯಕ್ಷರನ್ನು ಹೊಗಳಿದರು. ಒಬ್ಬರು ಪದ್ಯವನ್ನೇ ಓದಿದರು. ಆಮೇಲೆ ಸರ್ ಹೆಸರು ಕರೆದರು.

“ಐದು ವರ್ಷದಿಂದ ಪ್ರತಿ ವರದಿಯಲ್ಲೂ ಪುನರ್ರಚನಾ ವೆಚ್ಚ ಇದೆ” ಎಂದು ಸರ್ ಶುರು ಮಾಡಿದರು. ಇಂಗ್ಲಿಷ್ ನಿಧಾನವಾಗಿತ್ತು, ಆದರೆ ಒಂದು ಮಾತೂ ತಪ್ಪಲಿಲ್ಲ. “ಪ್ರತಿ ವರ್ಷವೂ ಅದನ್ನು ಒಮ್ಮೆ ಮಾತ್ರ ಬರುವ ವೆಚ್ಚ ಎಂದಿದ್ದೀರಿ. ನಾನೊಬ್ಬ ಶಿಕ್ಷಕ. ಇದು ಮಾಮೂಲಿ ವೆಚ್ಚ ಎಂದು ನನ್ನ ವಿದ್ಯಾರ್ಥಿಗಳಿಗೆ ಯಾವ ವರ್ಷದಿಂದ...”

ಅಷ್ಟರಲ್ಲಿ ಕಾಂಪೌಂಡಿನ ಆಚೆ ಈರುಳ್ಳಿ ಮಾರುವ ಟೆಂಪೊದ ಧ್ವನಿವರ್ಧಕ ಶುರುವಾಯಿತು. “ಉಳ್ಳಾಗಡ್ಡೀ... ಬರ್ರಿ ಬರ್ರಿ, ಒಣಾ ಉಳ್ಳಾಗಡ್ಡೀ...”

ಸಭೆ ನಡೆಸುವ ಹೆಣ್ಣುಮಗಳು, ಸರ್, ನಿಮ್ಮ ಕಡೆ ಬಹಳ ಗದ್ದಲವಿದೆ ಎಂದಳು. ಇಬ್ಬರು ಹುಡುಗರು ಓಡಿದರು. ಸರ್ ಮಾತ್ರ ಕದಲಲಿಲ್ಲ. “ಮೇಡಂ, ಅದು ಇಲ್ಲಿಯ ಮಾರುಕಟ್ಟೆ. ನೀವು ನಿಮ್ಮ ಮಾರುಕಟ್ಟೆಯ ಬಗ್ಗೆ ಹೇಳಿ” ಎಂದರು. ನಾವು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆವು.

ಉತ್ತರ ಕೊಟ್ಟದ್ದು ಹಣಕಾಸಿನ ಮುಖ್ಯಸ್ಥರು. ಬಹಳ ಮರ್ಯಾದೆಯಿಂದಲೇ ಕೊಟ್ಟರು. ಪ್ರಶ್ನೆ ಕೇಳಿದ್ದಕ್ಕೆ ವಂದನೆ. ಆದರೆ ಪ್ರತಿ ವರ್ಷದ ಪುನರ್ರಚನೆಯೂ ಒಂದು ಪ್ರತ್ಯೇಕ ಕಾರ್ಯಕ್ರಮ, ಪ್ರತಿಯೊಂದಕ್ಕೂ ಮಂಡಳಿ ಪ್ರತ್ಯೇಕ ಒಪ್ಪಿಗೆ ಕೊಟ್ಟಿದೆ. ಆದ್ದರಿಂದ ಪ್ರತಿಯೊಂದೂ ಅದರ ಮಟ್ಟಿಗೆ ಒಮ್ಮೆ ಮಾತ್ರ. ಮುಂದಿನ ಷೇರುದಾರರು, ದಯವಿಟ್ಟು.

ಸರ್ ಪರದೆಯಿಂದ ನಮ್ಮ ಕಡೆ ತಿರುಗಿ, “ಅಲ್ಲೂ ನಮ್ಮ ಇಲಾಖಿ ಮಂದಿನಽ ಅದಾರಲೇ!” ಎಂದರು. ನಾವು ನಕ್ಕು ಚಪ್ಪಾಳೆ ಹೊಡೆದೆವು. ಅವರೂ ನಕ್ಕರು. ಹದಿನೆಂಟನೆಯ ಸಲದ ಅತಿಥಿ ಆದೇಶ ಅವರ ಕಿಸೆಯಲ್ಲಿತ್ತು ಎಂಬುದು ನನಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಮನೆಗೆ ಹೋಗುವ ಬಸ್ಸಿನಲ್ಲಿ ಹೊಳೆಯಿತು.

ಮೂರನೆಯ ವರ್ಷ ದೊಡ್ಡಪ್ಪನ ಮಾತು ನಿಜವಾಗುವುದರಲ್ಲಿತ್ತು. ಅಪ್ಪನಿಗೆ ಗಂಗಾವತಿ ಆಚೆಯ ಸಿದ್ದಾಪುರದ ಕಡೆ, ಭತ್ತದ ನಾಡಿನಲ್ಲಿ, ಗೋದಾಮು ಕಟ್ಟುವ ಕೆಲಸ ಸಿಕ್ಕಿತು. ಅವ್ವನಿಗೆ ಮೈ ಹುಷಾರಿರಲಿಲ್ಲ, ಕೈಯಾಳಾಗಿ ನಾನು ಹೋದೆ. ಹತ್ತು ದಿನ ಎಂದದ್ದು ತಿಂಗಳಾಯಿತು. ಹಾಜರಿ ಇಳಿಯುತ್ತಿದೆ ಎಂದು ಗೆಳತಿ ಫೋನಿನಲ್ಲಿ ಹೇಳಿದಳು. ಬಿಟ್ಟುಬಿಡಬೇಕು ಎಂದು ಒಳಗೊಳಗೇ ನಿರ್ಧಾರವಾಗಿತ್ತು.

ಒಂದು ಭಾನುವಾರ ಉಸುಕಿನ ಗುಡ್ಡೆಯ ಹತ್ತಿರ ಸರ್ ಬಂದು ನಿಂತರು. ಕೊಪ್ಪಳದಿಂದ ಗಂಗಾವತಿ, ಅಲ್ಲಿಂದ ಇನ್ನೊಂದು ಬಸ್ಸು, ಅಲ್ಲಿಂದ ಕಾಲುವೆ ದಂಡೆ ಹಿಡಿದು ನಡಿಗೆ. ಗುತ್ತಿಗೆದಾರ ಅವರನ್ನು ಸಂಘದ ಸಾಲ ವಸೂಲಿಗೆ ಬಂದವರೆಂದು ತಿಳಿದು ಗೋದಾಮಿನ ಹಿಂದೆ ಹೋಗಿಬಿಟ್ಟ. ಅಪ್ಪ ಕೈ ತೊಳೆಯಲೂ ಮರೆತು ನಿಂತ.

“ಸರ್, ಹಾಜರಿ ಹೆಂಗರ ಮಾಡಿ ಹಾಕಿ ಬಿಡ್ರಲ್ರಿ” ಎಂದು ನಾನೇ ಕೇಳಿದೆ. ಕೇಳಿದ್ದಕ್ಕೆ ಇವತ್ತಿಗೂ ನಾಚಿಕೆಯಿದೆ.

“ಬರದಿದ್ದಕ್ಕ ಬಂದಾಳಂತ ನಾ ಬರಿಯಂಗಿಲ್ಲ. ಪಾಠ ಕೊಡಾಕ ಬರ್ತೈತಿ, ಕೊಡ್ತೀನಿ. ಉಳಿದ ದಿನ ಒಂದೂ ತಪ್ಪಸ್ದಂಗ ಬಾ. ಹಾಜರಿ ತಾನಽ ಆಗ್ತೈತಿ” ಎಂದು ಉಸುಕಿನ ಮೇಲೆಯೇ ಕೂತರು. ತರಗತಿಯಲ್ಲಿ ಕೂಡದವರು ಅಲ್ಲಿ ಕೂತರು. ಮೂರು ಭಾನುವಾರ ಬಂದರು. ಕೊನೆಯ ಸಲ ಅಪ್ಪ ತಾನೇ ನನ್ನ ಕೈಯಿಂದ ಸಿಮೆಂಟಿನ ಪುಟ್ಟಿ ಇಸಿದುಕೊಂಡು, “ನಾಳಿಂದ ನೀ ಕಾಲೇಜಿಗೆ ನಡಿ. ಆ ಮನಷಾ ಇಷ್ಟು ದೂರ ಬರೂದು ನನಗ ನೋಡಾಕಾಗೂದಿಲ್ಲ” ಎಂದ.

ಆ ವರ್ಷದ ಪ್ರಾಜೆಕ್ಟಿಗೆ ನಾನು ಆ ತಂತ್ರಜ್ಞಾನ ಕಂಪನಿಯನ್ನೇ ಆರಿಸಿಕೊಂಡೆ. ಮೊದಲ ಕರಡಿನಲ್ಲಿ ಸಿಟ್ಟಿನಿಂದ ಏನೇನೋ ಬರೆದಿದ್ದೆ. ಮೋಸ, ವಂಚನೆ, ಕಣ್ಣಿಗೆ ಮಣ್ಣು, ಹೀಗೆ. ಸರ್ ಅದನ್ನೆಲ್ಲ ಪೆನ್ಸಿಲಿನಲ್ಲಿ ಹೊಡೆದು ಹಾಕಿದರು. “ಬೈಬ್ಯಾಡವಾ. ಮೋಸ ಅಂತ ನಿನಗೆಲ್ಲಿ ಗೊತ್ತೈತಿ? ಅವರು ಬರದದ್ದನ್ನಽ ಒಂದರ ಕೆಳಗೊಂದು ಬರಿ. ಓದಾವ್ರಿಗೆ ಕಣ್ಣು ಅದಾವ.” ನಾನು ಹಾಗೇ ಮಾಡಿದೆ. ಐದು ವರ್ಷ, ಐದು ಸಾಲು, ಪ್ರತಿ ಸಾಲಿನ ಎದುರಿಗೆ ಆ ವರ್ಷ ಕಂಪನಿ ಬರೆದ ಅದೇ ಮಾತು. ಹೊರಗಿನಿಂದ ಬಂದ ಪರೀಕ್ಷಕರು ಆ ಪುಟದಲ್ಲಿ ಬಹಳ ಹೊತ್ತು ನಿಂತರು. ಕೊನೆಗೆ, “ನಿನ್ನ ತಂದಿ ಏನು ಮಾಡ್ತಾರ?” ಎಂದು ಕೇಳಿದರು. “ಗೌಂಡಿ ಕೆಲಸ್ರಿ” ಎಂದೆ. ತಲೆಯೆತ್ತಿ ಹೇಳಿದೆ. ಪ್ರಥಮ ದರ್ಜೆಯಲ್ಲಿ ಪಾಸಾದೆ.

ಪರೀಕ್ಷೆ ಬರೆದು ನೌಕರಿ ಸಿಕ್ಕಿ, ಸುತ್ತು ಹಾಕಿ ಮತ್ತೆ ಅದೇ ಕಾಲೇಜಿನ ಕಚೇರಿಗೆ ಬರುವಷ್ಟರಲ್ಲಿ ಸರ್ ಇಪ್ಪತ್ತಮೂರನೆಯ ಸಲದ ಅತಿಥಿಯಾಗಿದ್ದರು. ಅವರಿಗೆ ಸಕ್ಕರೆ ಕಾಯಿಲೆ ಬಂದು ಪಾದ ಊದುತ್ತಿದ್ದವು. ಬೂಟು ಬಿಟ್ಟು ಪಟ್ಟಿ ಸಡಿಲಿಸಿದ ಚಪ್ಪಲಿ ಹಾಕುತ್ತಿದ್ದರು. ನಾನು ಖುರ್ಚಿಯಿಂದ ಎದ್ದರೆ, “ಕುಂದ್ರವಾ. ನೀ ಕಾಯಂ, ನಾ ಅತಿಥಿ” ಎಂದು ನಗುತ್ತಿದ್ದರು.

ಮರುವರ್ಷ ವಿದ್ಯಾರ್ಥಿಗಳು ಕಡಿಮೆಯಾಗಿ ವಾಣಿಜ್ಯದ ಎರಡು ವಿಭಾಗಗಳನ್ನು ಒಂದು ಮಾಡಿದರು. ಇದ್ದ ಪಾಠ ಕಾಯಂ ಉಪನ್ಯಾಸಕರಿಗೇ ಸಾಕಾಯಿತು. ಸರ್‌ಗೆ ನಮ್ಮಲ್ಲಿ ಜಾಗವಿರಲಿಲ್ಲ. “ನನ್ನದೂ ಪುನರ್ರಚನೆ ಆತವಾ” ಎಂದರು. ಬೇರೆ ಕಾಲೇಜಿನಲ್ಲಿ ಜಾಗ ಸಿಗಬೇಕಾದರೆ ಸೇವೆಯ ವರ್ಷಗಳನ್ನು ಲೆಕ್ಕ ಹಿಡಿದು ಆಯ್ಕೆ. ಅದಕ್ಕೆ ಅನುಭವದ ಪ್ರಮಾಣಪತ್ರ ಬೇಕು. ಅದಿಲ್ಲದಿದ್ದರೆ ಐವತ್ತಾರರ ಸರ್ ನಿನ್ನೆ ಮೊನ್ನೆ ಓದಿ ಬಂದವರ ಹಿಂದೆ ನಿಲ್ಲಬೇಕು; ಹಿಂದೆ ನಿಂತವರಿಗೆ ಏನೂ ಉಳಿಯುವುದಿಲ್ಲ. ಅರ್ಜಿಯ ಜೊತೆ ಅದನ್ನು ಕೊಡಲು ಎಂಟು ದಿನ ಗಡುವಿತ್ತು.

ನಮ್ಮ ಕಚೇರಿಯ ಮೇಲ್ವಿಚಾರಕರು ಕೆಟ್ಟವರಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಎಲ್ಲರಿಗೂ ಶೇಂಗಾ ಚಟ್ನಿ ಹಾಕುವವರು. ಆದರೆ ಅವರು ಕೈ ಎತ್ತಿಬಿಟ್ಟರು.

“ಇಪ್ಪತ್ತಮೂರು ವರ್ಷ ಅಂತ ಬರಿಯಾಕ ಬರಂಗಿಲ್ಲ ತಂಗಿ. ಒಂದೊಂದು ವರ್ಷಕ್ಕ ಒಂದೊಂದು ಆದೇಶ. ಅದು ಮುಗೀತು, ಇದು ಚಾಲೂ ಆತು. ಹೋದ ವರ್ಷದ್ದೊಂದು ಬರದು ಕೊಟ್ಟು ಕಳಸು.”

“ಅವರು ಎಲ್ಲಾ ವರ್ಷ ಇಲ್ಲೇ ಇದ್ರಲ್ರಿ.”

“ಇದ್ರು. ಯಾರಿಲ್ಲಂದ್ರು? ಕಾಗದದಾಗ ಇಲ್ಲ. ನಾಳೆ ಆಡಿಟ್ ಬಂದ್ರ ನಿನ್ನ ಕೇಳಂಗಿಲ್ಲ, ನನ್ನ ಕೇಳ್ತಾರ. ಅದೂ ಅಲ್ದ, ನಡಕಿನ ಐದು ವರ್ಷದ ಹಾಜರಿ ಪುಸ್ತಕನಽ ಇಲ್ಲ. ಎಲ್ಲಿಂದ ತರ್ತಿ?”

ಅದು ನಿಜ. ಅತಿಥಿಗಳ ಹಾಜರಿ ಕಾಯಂ ನೌಕರರ ಪುಸ್ತಕದಲ್ಲಿರುವುದಿಲ್ಲ, ಬೇರೆ ಉದ್ದನೆಯ ನೋಟ್‌ಬುಕ್ಕಿನಲ್ಲಿರುತ್ತದೆ. ಹೊಸ ಕಟ್ಟಡಕ್ಕೆ ಬರುವಾಗ ಅಂಥ ಐದು ಪುಸ್ತಕ ಯಾವ ಮೂಟೆಯಲ್ಲಿ ಹೋದವೋ. ನಾಲ್ಕು ದಿನ ಕಪಾಟು, ಅಟ್ಟ, ಹಳೆಯ ಪ್ರಶ್ನೆಪತ್ರಿಕೆಯ ಗೋಣಿ ಎಲ್ಲ ತಡಕಿದೆ. ಮೂಗಿನಲ್ಲಿ ಧೂಳು ತುಂಬಿ ಜ್ವರ ಬಂತು. ಸರ್‌ಗೆ ಫೋನು ಮಾಡಿ, ಐದು ವರ್ಷ ಅಂದಾಜಿಗೆ ಬರೆದುಬಿಡಲೇ ಎಂದು ಕೇಳಿದೆ.

“ಅಂದಾಜು ಬ್ಯಾಡ. ಸಿಕ್ಕಷ್ಟು ಬರಿ” ಎಂದರು. ಆಮೇಲೆ, “ಸಿಗಲಿಲ್ಲಂದ್ರ ಸಿಗಲಿಲ್ಲ ಬಿಡವಾ. ನನಗೂ ಸಾಕಾಗೈತಿ” ಎಂದರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೊಂದೇ ಸಲ. ಹಿಂದುಗಡೆ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು.

ಆರನೆಯ ದಿನ ಗ್ರಂಥಾಲಯದ ಎರವಲು ಪುಸ್ತಕಗಳು ನೆನಪಾದವು. ಅವು ಸರಕಾರಿ ದಾಖಲೆ, ಯಾರೂ ಬಿಸಾಕಿರಲಿಲ್ಲ. ತೆರೆದರೆ ಆ ಐದೂ ವರ್ಷ, ವಾರ ವಾರವೂ, ಸರ್ ಸಹಿ. ಒಯ್ದ ತಾರೀಖು, ತಂದುಕೊಟ್ಟ ತಾರೀಖು, ವರದಿಯ ಹೆಸರು, ಪಕ್ಕದಲ್ಲಿ ಅವರದೇ ಅಕ್ಷರದಲ್ಲಿ ‘ಅತಿಥಿ ಉಪನ್ಯಾಸಕ, ವಾಣಿಜ್ಯ’. ಜುಲೈಯಿಂದ ಏಪ್ರಿಲಿನವರೆಗೆ ಒಂದು ವಾರವೂ ಖಾಲಿಯಿಲ್ಲ. ಆ ತಂತ್ರಜ್ಞಾನ ಕಂಪನಿಯ ವರದಿಯನ್ನು ಅವರು ಒಂದೇ ವರ್ಷದಲ್ಲಿ ಹದಿನಾಲ್ಕು ಸಲ ಒಯ್ದಿದ್ದರು. ಗ್ರಂಥಪಾಲಕರ ಮೇಜಿನ ಮೇಲೆ ತಲೆಯಿಟ್ಟೆ. ಅವರು ನೀರು ತಂದಿಟ್ಟರು.

ಮೇಲ್ವಿಚಾರಕರ ಮುಂದೆ ಹೋಗಿ, “ಒಟ್ಟು ಬರಿಯಂಗಿಲ್ರಿ. ಒಂದರ ಕೆಳಗೊಂದು ಬರೀತೀನಿ” ಎಂದೆ. ಅವರು ತಲೆ ಕೆರೆದುಕೊಂಡು, “ಸುಳ್ಳೇನಿಲ್ಲಂದ್ರ ನನ್ನದೇನೈತಿ” ಎಂದರು. ಇಪ್ಪತ್ತಮೂರು ಸಾಲು ಟೈಪು ಮಾಡಿದೆ. ಪ್ರತಿ ಸಾಲಿಗೆ ಒಂದು ವರ್ಷ, ಶುರುವಾದ ದಿನ, ಮುಗಿದ ದಿನ, ಯಾವ ದಾಖಲೆಯಿಂದ ತೆಗೆದದ್ದು. ಕೆಳಗೆ ಮೊತ್ತವಿಲ್ಲ.

ಪ್ರಿನ್ಸಿಪಾಲರು ಹಾಳೆ ಹಿಡಿದು ಕೇಳಿದರು. “ಒಟ್ಟು ಎಲ್ಲೈತಿ?”

“ಬರೀಬಾರ್ದಂತ್ರಿ ಸರ್.”

“ಯಾರಂದ್ರು?”

ನಾನು ಮೇಲ್ವಿಚಾರಕರನ್ನು ನೋಡಿದೆ. ಅವರು ಕಿಟಕಿಯ ಹೊರಗೆ ಬೇವಿನ ಗಿಡವನ್ನು ನೋಡುತ್ತಿದ್ದರು. ಪ್ರಿನ್ಸಿಪಾಲರು ಪೆನ್ನಿನ ತುದಿ ಸಾಲಿನಿಂದ ಸಾಲಿಗೆ ಇಳಿಸುತ್ತ ಎಣಿಸಿದರು. ಕೊನೆಯ ಸಾಲಿಗೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. ಸಹಿ ಮಾಡಿದರು, ತಾವೇ ಮುದ್ರೆ ಒತ್ತಿದರು. “ಗಡುವು ಯಾವಾಗೈತಿ?”

“ನಾಳಿಗ್ರಿ.”

“ಹಂಗಾರ ಟಪಾಲಿಗೆ ಹಾಕಬ್ಯಾಡ. ನೀನಽ ಒಯ್ದು ಕೊಡು.”

ಆ ಪತ್ರದ ಬಲದ ಮೇಲೆ ಸರ್‌ಗೆ ಗಂಗಾವತಿ ಆಚೆಯ ಒಂದು ಕಾಲೇಜು ಸಿಕ್ಕಿತು. ಹೋಗಲು ಎರಡು ಬಸ್ಸು, ಬರಲು ಎರಡು ಬಸ್ಸು. ನಾಲ್ಕು ಸೆಮಿಸ್ಟರ್ ಪಾಠ ಮಾಡಿದರು. ಅಲ್ಲಿಯ ಗ್ರಂಥಾಲಯಕ್ಕೂ ವರದಿಗಳನ್ನು ಕೊಟ್ಟರಂತೆ. ಐದನೆಯದು ಶುರುವಾಗುವ ಮೊದಲು, ಆದೇಶವಿಲ್ಲದ ಬೇಸಿಗೆಯಲ್ಲಿ, ಕೊಪ್ಪಳದ ಆಸ್ಪತ್ರೆಯಲ್ಲಿ ತೀರಿಕೊಂಡರು. ಕಾಲಿನ ಹುಣ್ಣು ಮಾಯಲೇ ಇಲ್ಲ. ನಾನು ಮಾಡಿದ್ದು ಸರಿಯೋ ಎಂದು ಕೇಳಿಕೊಂಡರೆ ನನ್ನಲ್ಲಿ ಎರಡು ಉತ್ತರಗಳಿವೆ. ಎರಡೂ ನಿಜ, ಎರಡೂ ನನ್ನನ್ನು ಬಿಡುವುದಿಲ್ಲ. ನನ್ನನ್ನು ಓದಿಸಿದವರ ಋಣ ತೀರಿಸಿದೆ ಎಂದು ಯಾರಾದರೂ ಹೊಗಳಿದರೆ ನಾನು ಆ ಸಂಜೆಯನ್ನು ನೆನೆಯುತ್ತೇನೆ.

ಆ ಸಂಜೆ ಪತ್ರ ಹಿಡಿದುಕೊಂಡು ಕೊಪ್ಪಳದ ಅವರ ಮನೆಗೆ ಹೋದೆ. ಸರ್ ಕಾಲನ್ನು ಉಗುರುಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಇಟ್ಟುಕೊಂಡು ಕೂತಿದ್ದರು. ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಪತ್ರ ಇಸಿದುಕೊಂಡರು. ಹಿಂದಿನಿಂದ ಓದಿದರು, ಮೊದಲು ಸಹಿ, ಆಮೇಲೆ ಕೊನೆಯ ಸಾಲು, ಹಾಗೇ ಮೇಲೆ ಮೇಲೆ. ಮೊದಲ ವರ್ಷದ ಸಾಲಿಗೆ ಬಂದಾಗ, “ಆವಾಗ ನನ್ನ ತಲಿಗೂದಲು ಎಷ್ಟಿತ್ತು ಗೊತ್ತೈತೇನು ನಿನಗ?” ಎಂದರು. ಪತ್ರವನ್ನು ಮಡಚದೆ ಒಂದು ವರದಿಯ ನಡುವೆ ಇಟ್ಟು ಚೀಲಕ್ಕೆ ಹಾಕಿದರು. ಆಗಲೇ ಎದ್ದು ಒದ್ದೆ ಕಾಲಲ್ಲೇ ಒಳಗೆ ಹೋಗಿ, ನಾಳೆಗೆ ಯಾವ ಅಂಗಿ ಇಸ್ತ್ರಿಯಾಗಿದೆ ಎಂದು ಹುಡುಕತೊಡಗಿದರು.

ಅಕ್ಕಾರು ನನ್ನನ್ನು ಕಳಿಸಲು ಬಾಗಿಲತನಕ ಬಂದರು. ಹಣೆಗೆ ಕುಂಕುಮ ಹಚ್ಚಿ, ಕೈಯಲ್ಲಿ ಜಂಪರಿನ ಬಟ್ಟೆಯ ತುಂಡೊಂದನ್ನು ಇಟ್ಟರು. ಒಳಗಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ನೀ ಮಾಡಿದ್ದು ಛಲೋನಽ ಮಾಡಿದಿ ಯವ್ವಾ, ದೇವ್ರು ನಿನ್ನ ಛಲೋ ಇಟ್ಟಿರ್ಲಿ. ಖರೆ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ಈ ಕಾಗದ ಸಿಗಬಾರ್ದು ಅಂತ ನಾ ಎಂಟು ದಿನ ದೀಪ ಹಚ್ಚೀನಿ. ಸಿಗದಿದ್ರ ಮನ್ಯಾಗರ ಕುಂದ್ರತಿದ್ರು.”